ರಜೆ ಹಾಕಿ ಕ್ಲಾಸಿಗೆ ಬರುತ್ತಿದ್ದವನು

ಕ್ಲಾಸಿಗೆ ರಜೆ ಹಾಕುವ ವಿದ್ಯಾರ್ಥಿಗಳನ್ನು ಮೇಷ್ಟ್ರಾಗಿ ಜೀವಮಾನವಿಡೀ ನೋಡಿದ್ದೇನೆ. ಇದ್ದೊಬ್ಬ ಅಜ್ಜಿಯನ್ನು ವರ್ಷವರ್ಷವೂ ಸಾಯಿಸಿದವರು, ಜ್ವರವೆಂದು ಚೀಟಿ ಕಳಿಸಿ ಅದೇ ಸಂಜೆ ಸಿನಿಮಾ ಟಾಕೀಸಿನ ಮುಂದೆ ನನ್ನ ಕೈಗೇ ಸಿಕ್ಕಿಬಿದ್ದವರು, ಎಲ್ಲರೂ ನನ್ನ ಶಿಷ್ಯರೇ. ಆದರೆ ರಜೆ ಹಾಕಿ ಕ್ಲಾಸಿಗೆ ಬಂದವನನ್ನು ನೋಡಿದ್ದು ಒಬ್ಬನನ್ನೇ. ಅವನು ಮಿಲಿಟರಿಯಲ್ಲಿದ್ದ. ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಊರಿಗೆ ಹೋಗುವುದು ಬಿಟ್ಟು ದುರ್ಗದ ನಮ್ಮ ಕಾಲೇಜಿನ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದ.

ಹೋದ ತಿಂಗಳು ಅವನು ತೀರಿಕೊಂಡ. ಹಿರಿಯೂರಿನಿಂದ ಅವನ ಮಗ ಫೋನು ಮಾಡಿ ಹೇಳಿದ. ನನ್ನನ್ನು 'ಲೇ' ಎಂದು ಕರೆಯುವವರಲ್ಲಿ ಉಳಿದಿದ್ದವನು ಅವನೊಬ್ಬನೇ. ಈ ವಯಸ್ಸಿನಲ್ಲಿ ಎಲ್ಲರೂ ನನಗೆ ಸಾರ್ ಅನ್ನುತ್ತಾರೆ, ತಾತ ಅನ್ನುತ್ತಾರೆ. ಲೇ ಅನ್ನುವವರು ಹೋದ ಮೇಲೆ ಮನುಷ್ಯ ನಿಜಕ್ಕೂ ಮುದುಕನಾಗುತ್ತಾನೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಎದುರಿಗೆ ಹೊಗಳಿದರೆ ಅವನಿಗೆ ಆಗುತ್ತಿರಲಿಲ್ಲ. "ಸುಮ್ನಿರಲೇ, ದೃಷ್ಟಿ ತಾಗ್ತೈತೆ" ಅನ್ನುತ್ತಿದ್ದ. ಜವನಗೊಂಡನಹಳ್ಳಿ ಕಡೆಯ ಒಂದು ಕುರಿಗಾರರ ಹಟ್ಟಿಯಲ್ಲಿ ಹುಟ್ಟಿ ಬೆಳೆದವನು. ಕುರಿ ಎಷ್ಟಿವೆ ಎಂದು ಕೇಳಿದರೆ ಆ ಹಟ್ಟಿಯವರು ಲೆಕ್ಕ ಹೇಳುವುದಿಲ್ಲ. 'ಅವೆ ಒಂದಿಷ್ಟು' ಅನ್ನುತ್ತಾರೆ. ಹೊಟ್ಟೆಯಲ್ಲಿರುವ ಮರಿಯ ಮಾತಂತೂ ಎತ್ತಲೇಬಾರದು. ಸಂಜೆ ಮಂದೆ ರೊಪ್ಪಕ್ಕೆ ಸೇರಿ, ಮುಳ್ಳಿನ ಬಾಗಿಲು ಎಳೆದ ಮೇಲೆ ಒಳಗೆ ಏನಿದೆಯೋ ಅದು ಮಾತ್ರ ನಮ್ಮದು. ಅದಕ್ಕೂ ಮುಂಚೆ ಬಾಯಿಬಿಟ್ಟರೆ ಮಾತು ಮಂದೆಗೆ ತಟ್ಟುತ್ತದೆ ಎಂದು ಅವರ ನಂಬಿಕೆ.

ಈ ನಿಯಮವನ್ನು ಅವನು ಕುರಿಗೆ ಮಾತ್ರವಲ್ಲ, ಬದುಕಿಗೆಲ್ಲ ಹಚ್ಚಿಕೊಂಡಿದ್ದ. ಪರೀಕ್ಷೆ ಹೇಗಾಯಿತೋ ಎಂದರೆ 'ಬರ್ದಿದೀನಿ ಒಂದಿಷ್ಟು' ಅನ್ನುವನು. ಮುಂದೇನು ಮಾಡುತ್ತೀ ಎಂದರೆ 'ರೊಪ್ಪಕ್ಕೆ ಬರ್ಲಿ, ನೋಡಾಣ' ಅನ್ನುವನು. ಊರಿಗೆ ಹೋಗುವುದನ್ನೂ ಮುಂಚೆ ಹೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಿಚಿಟ್ಟಿರುತ್ತಿತ್ತು, ಆಸಾಮಿ ಇರುತ್ತಿರಲಿಲ್ಲ.

ನಾವಿಬ್ಬರೂ ಸ್ವಾತಂತ್ರ್ಯ ಬರುವ ಹೊತ್ತಿಗೆ ಅಂಬೆಗಾಲಿಡುತ್ತಿದ್ದವರು. ಅಕ್ಷರ ಕಲಿತ ಮಕ್ಕಳು ದೇಶ ಕಟ್ಟುತ್ತಾರೆ ಎಂದು ಮೇಷ್ಟ್ರುಗಳು ಹೇಳಿದ್ದನ್ನು ನಿಜವೆಂದೇ ನಂಬಿ ಕಾಲೇಜಿಗೆ ಬಂದವರು. ಕೋಟೆಯ ಕೆಳಗಿನ ಓಣಿಯಲ್ಲಿ ಒಂದೇ ರೂಮು, ಒಂದೇ ಸ್ಟೌವು. ಅವನು ಮುದ್ದೆ ಕಟ್ಟುವನು, ನಾನು ಸಾರು ಕೆಡಿಸುವೆನು. ಭಾನುವಾರ ಚಂದ್ರವಳ್ಳಿಗೆ ಹೋಗಿ ಬಂಡೆಯ ನೆರಳಿನಲ್ಲಿ ಓದುತ್ತಿದ್ದೆವು. ನಾನು ಮಲಗಿ ಓದಿದರೆ ಅವನು ನಿಂತು ಓದುತ್ತಿದ್ದ. ಒಂದು ಕಾಲನ್ನು ಇನ್ನೊಂದಕ್ಕೆ ಒತ್ತಿಕೊಂಡು, ಎಲ್ಲೋ ಆಯ್ದುಕೊಂಡ ಕೋಲಿಗೆ ಭಾರ ಬಿಟ್ಟು, ಪುಸ್ತಕದಿಂದ ಆಗಾಗ ತಲೆಯೆತ್ತಿ ದೂರ ನೋಡುತ್ತಿದ್ದ. ಅಲ್ಲಿ ಕುರಿ ಇರಲಿಲ್ಲ. ಅಭ್ಯಾಸ.

ಅವನ ಫೀ ಕಟ್ಟಲು ಅಪ್ಪ ಪ್ರತಿ ಸಲ ಒಂದೆರಡು ಕುರಿ ಮಾರುತ್ತಿದ್ದ. ಅವನಿಗೆ ಮಂದೆಯ ಒಂದೊಂದು ಕುರಿಯ ಮುಖವೂ ಗೊತ್ತು. ರಜೆಗೆ ಊರಿಗೆ ಹೋಗಿ ಬಂದಾಗೆಲ್ಲ ಸಪ್ಪಗಿರುತ್ತಿದ್ದ. ಕೇಳಿದರೆ, 'ಕರಿಕಿವಿದು ಕಾಣ್ಲಿಲ್ಲ ಕಣಲೇ' ಅನ್ನುತ್ತಿದ್ದ. ಅಂಥ ಒಂದು ಸಲ, ಬಿ.ಎ. ಮೊದಲ ವರ್ಷದಲ್ಲಿ, ಸೈನ್ಯಕ್ಕೆ ಆಳು ಆರಿಸುವವರು ದುರ್ಗಕ್ಕೆ ಬಂದರು. ಸೇರುವ ಹುಚ್ಚು ಇದ್ದದ್ದು ನಮ್ಮ ಪಕ್ಕದ ರೂಮಿನವನಿಗೆ. ಇವನು ಅವನ ಬಟ್ಟೆ ಹಿಡಿದುಕೊಳ್ಳಲು ಜೊತೆಗೆ ಹೋದವನು. ಎದೆ ಅಳತೆಯಲ್ಲಿ ಅವನು ಬಿದ್ದುಹೋದ. ಅಳತೆ ಮಾಡುತ್ತಿದ್ದ ಅಧಿಕಾರಿ ತಲೆಯೆತ್ತಿ, ಬಟ್ಟೆ ಹಿಡಿದು ನಿಂತಿದ್ದ ಇವನನ್ನು ಮೇಲಿಂದ ಕೆಳಗೆ ನೋಡಿ, ನೀನು ಬಾ ಎಂದನಂತೆ. ಇವನು ಹೋದ. ಮಾರನೆಯ ವಾರ ಎದ್ದು ನೋಡಿದರೆ ಹಾಸಿಗೆ ಮಡಿಚಿಟ್ಟಿತ್ತು. ಇನ್ನು ಮೇಲೆ ಅಪ್ಪ ಕುರಿ ಮಾರಬೇಕಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡಿರಬೇಕು. ನನಗೆ ಮಾತ್ರ ಆ ರೂಮು ಬಹಳ ದಿನ ಬಣಗುಟ್ಟಿತು.

ವರ್ಷಗಳು ಹೋದವು. ನಾನು ಮೈಸೂರಿಗೆ ಹೋಗಿ ಎಂ.ಎ. ಮಾಡಿ, ಓದಿದ ಕಾಲೇಜಿಗೇ ಇತಿಹಾಸದ ಮೇಷ್ಟ್ರಾಗಿ ಬಂದೆ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಹೋಲ್ಡಾಲು ಹೊತ್ತ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಕೂದಲು ಕತ್ತರಿಸಿದ ರೀತಿ, ನಿಂತ ರೀತಿ, ಎಲ್ಲ ಮಿಲಿಟರಿ. ಪಕ್ಕದಲ್ಲಿ ಬೇರೆ ಮೇಷ್ಟ್ರುಗಳಿದ್ದರು. ಅವನು ಕಾಲು ಜೋಡಿಸಿ, "ಸಾರ್, ಕ್ಲಾಸಿಗೆ ಕುಂತ್ಕಬೋದಾ ಸಾರ್" ಎಂದ. ನಾನು ಎದ್ದು ಹೋಗಿ ತಬ್ಬಿಕೊಂಡೆ. ಅವನು ಮರದ ಕೊರಡಿನಂತೆ ನಿಂತೇ ಇದ್ದ. ಗೇಟು ದಾಟಿದ ಮೇಲೆ ಬೆನ್ನಿಗೊಂದು ಗುದ್ದಿ, 'ಎಲ್ರ ಮುಂದೆ ಹಂಗೆಲ್ಲ ಮಾಡಬ್ಯಾಡಲೇ, ನೀನೀಗ ಮೇಷ್ಟ್ರು' ಅಂದ. ಅಂದಿನಿಂದ ಅದೇ ಪದ್ಧತಿಯಾಯಿತು. ಗೇಟಿನ ಒಳಗೆ ಸಾರ್, ಹೊರಗೆ ಲೇ.

ಖಾಸಗಿಯಾಗಿ ಬಿ.ಎ. ಪರೀಕ್ಷೆ ಕಟ್ಟಲು ಅವನಿಗೆ ಮಿಲಿಟರಿಯಿಂದ ಅನುಮತಿ ಸಿಕ್ಕಿತ್ತು. ಹಾಗೆ ಕಟ್ಟುವವರು ಕ್ಲಾಸಿಗೆ ಬರಬೇಕಿಲ್ಲ. ನಮ್ಮ ಪ್ರಿನ್ಸಿಪಾಲರೂ ಅದನ್ನೇ ಹೇಳಿದರು, ಪುಸ್ತಕ ತೆಗೆದುಕೊಂಡು ಹೋಗಿ ಓದಪ್ಪ, ಪರೀಕ್ಷೆಗೆ ಬಾ ಎಂದರು. ಅವನು ಕದಲಲಿಲ್ಲ. ಕ್ಯಾಂಪಿನಲ್ಲಿ ಮಲಗಿದಾಗ ಬೇರೆಯವರಿಗೆಲ್ಲ ಅವರವರ ಊರು ನೆನಪಿಗೆ ಬಂದರೆ ತನಗೆ ಈ ಬೆಂಚು ನೆನಪಿಗೆ ಬರುತ್ತದೆ, ಅರ್ಧಕ್ಕೆ ಎದ್ದು ಹೋದೆನಲ್ಲ, ಸ್ವಲ್ಪ ದಿನ ಕುಳಿತುಕೊಳ್ಳಲು ಬಿಡಿ ಎಂದು ಬೇಡಿಕೊಂಡ. ಹುಡುಗರನ್ನು ಬೆಂಚಿನ ಮೇಲೆ ಕೂರಿಸಲು ಹೆಣಗುತ್ತಿದ್ದ ಪ್ರಿನ್ಸಿಪಾಲರು ಈ ಮಾತಿಗೆ ಒಪ್ಪಿಬಿಟ್ಟರು.

ರಜೆ ಎರಡು ತಿಂಗಳು. ಮೊದಲ ತಿಂಗಳು ನನ್ನ ರೂಮಿನಲ್ಲಿದ್ದು ಕ್ಲಾಸು, ಪರೀಕ್ಷೆ ಮುಗಿಸುವುದು, ಆಮೇಲೆ ಊರಿಗೆ. ಅಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು. ಮನೆಯವರಿಗೆ ಗೊತ್ತೇನೋ ಎಂದು ಕೇಳಿದೆ. ರಜೆ ಒಂದೇ ತಿಂಗಳು ಎಂದು ಹೇಳಿದ್ದಾನಂತೆ. ಹೆಂಡತಿಗೂ ಹೇಳಿಲ್ಲವೇನೋ ಎಂದರೆ, ರೊಪ್ಪಕ್ಕೆ ಬರ್ಲಿ ಎಂದ. ಡಿಗ್ರಿ ಕೈಗೆ ಬರುವ ತನಕ ಇವನು ತುಟಿ ಬಿಚ್ಚುವುದಿಲ್ಲ ಎಂದು ಅರ್ಥವಾಯಿತು. ಆ ಹೆಣ್ಣುಮಗಳನ್ನು ನೆನೆಸಿಕೊಂಡು ನನಗೆ ಸಂಕಟವಾಗುತ್ತಿತ್ತು. ಆದರೆ ಅವನು ಬಂದದ್ದು ನನಗೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಲಾಸಿನಲ್ಲಿ ಅವನದು ಮದುಮಗನ ಶಿಸ್ತು. ಎಲ್ಲರಿಗಿಂತ ಮೊದಲು ಬಂದು ಬೆಂಚು ಒರೆಸುವನು. ನಾನು ಒಳಗೆ ಬಂದರೆ ಬೂಟು ಸದ್ದಾಗುವಂತೆ ಎದ್ದು ನಿಲ್ಲುವನು. ಮೊದಮೊದಲು ಹುಡುಗರು ನಗುತ್ತಿದ್ದರು. ವಾರ ಕಳೆಯುವುದರಲ್ಲಿ ಅವರೂ ಸದ್ದು ಮಾಡಿ ಎದ್ದು ನಿಲ್ಲತೊಡಗಿದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಎಲ್ಲರಿಗೂ ಅವನು ಮಿಲಿಟ್ರಿ ಅಣ್ಣನಾದ. ಪ್ರಶ್ನೆ ಕೇಳುವುದು ಕಡಿಮೆ. ಒಮ್ಮೆ ನಾನು ಯಾವುದೋ ರಾಜನ ದಂಡಯಾತ್ರೆಯನ್ನು ಭರ್ಜರಿಯಾಗಿ ವರ್ಣಿಸುತ್ತಿದ್ದೆ. ಸೈನ್ಯ ನದಿ ದಾಟಿತು, ಬೆಟ್ಟ ಹತ್ತಿತು, ವರ್ಷಗಟ್ಟಲೆ ಮುತ್ತಿಗೆ ಹಾಕಿತು. ಕೊನೆಯ ಬೆಂಚಿನಿಂದ ಕೈ ಎದ್ದಿತು.

"ಸಾರ್, ಅವ್ರಿಗೆ ರಜೆ ಕೊಡ್ತಿದ್ರಾ ಸಾರ್?"

ಕ್ಲಾಸೆಲ್ಲ ಗೊಳ್ಳೆಂದಿತು. ಅವನು ನಗಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷ ಅದೇ ಪಾಠ ಮಾಡುವಾಗ ಆ ಬೆಂಚಿನ ಕಡೆ ನೋಡಲು ನನಗೆ ಆಗುತ್ತಿರಲಿಲ್ಲ.

ಎರಡನೇ ವರ್ಷ ಬಂದಾಗ ಗುಟ್ಟು ಬಯಲಾಯಿತು. ಕಟಾವು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿಮಂದೆ ನಿಲ್ಲಿಸಿಕೊಳ್ಳುವ ಕಾಲ. ಅವನ ಹಟ್ಟಿಯ ಮಂದೆಗೆ ಆ ಸಲ ಮದಕರಿಪುರದ ಹೊಲದಿಂದ ಕರೆ ಬಂದಿತ್ತು. ಅಪ್ಪ, ಅಣ್ಣ ಕುರಿ ಹೊಡೆದುಕೊಂಡು ಬಂದರೆ, ಅಡಿಗೆಗೆಂದು ಅವನ ಹೆಂಡತಿಯೂ ಬಂದಿದ್ದಳು. ದುರ್ಗದ ಸಂತೆಗೆ ಬಂದ ಹಟ್ಟಿಯವರೊಬ್ಬರು ಇವನನ್ನು ಕಂಡು, 'ನಿನ್ನ ಗಂಡ ಇಸ್ತ್ರಿ ಪ್ಯಾಂಟು ಹಾಕ್ಕಂಡು ಪೇಟೇಲಿ ತಿರುಗ್ತಾವ್ನೆ' ಎಂದು ಅವಳಿಗೆ ಒಪ್ಪಿಸಿದ್ದಾರೆ. ಮಿಲಿಟರಿಯಲ್ಲಿರಬೇಕಾದ ಗಂಡ ದುರ್ಗದಲ್ಲಿ, ಅದೂ ಇಸ್ತ್ರಿ ಹಾಕಿ. ಯಾವ ಹೆಂಡತಿಗಾದರೂ ಒಂದೇ ಅನುಮಾನ ಬರುವುದು.

ನಾನು ಪಾಠ ಮಾಡುತ್ತಿದ್ದಾಗ, ಪೇಟೆಯಲ್ಲೆಲ್ಲ ವಿಚಾರಿಸಿಕೊಂಡು ಅವಳು ಬಾಗಿಲಲ್ಲಿ ಬಂದು ನಿಂತಳು. ಹೆಗಲ ಮೇಲೆ ಕಂಬಳಿ, ಕಾಲಿನಲ್ಲಿ ಮಂಡಿಯವರೆಗೂ ಧೂಳು. ಅವಳ ಹಿಂದೆ ನಮ್ಮ ಅಟೆಂಡರು ಏದುಸಿರು ಬಿಡುತ್ತಿದ್ದ. ಯಾರು ಬೇಕಮ್ಮ ಎಂದು ಕೇಳಿದೆ. ಅವಳು ಗಂಡನ ಹೆಸರು ಹೇಳುವಂತಿಲ್ಲ.

"ಹಿಂದೆ ನೆಟ್ಟಗೆ ಕುಂತವ್ರಲ್ಲ, ಅವ್ರು ನಮ್ಮನೆಯೋರು" ಎಂದಳು.

ಕ್ಲಾಸು ಪೂರ್ತಿ ಹಿಂದಕ್ಕೆ ತಿರುಗಿತು. ಮಿಲಿಟ್ರಿ ಅಣ್ಣ ಸೆಟೆದು ಎದ್ದು ನಿಂತ, ಸೆಲ್ಯೂಟು ಹೊಡೆಯುವುದೊಂದು ಬಾಕಿ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಒಂದೊಂದು ಬೆಂಚನ್ನೂ ಹುಡುಕುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಆಗ ಇದ್ದದ್ದೇ ಮೂರು ಹೆಣ್ಣುಮಕ್ಕಳು. ಅವರ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅವರಿಗೂ ಇವನಿಗೂ ನಡುವೆ ಇಡೀ ಕ್ಲಾಸೇ ಇತ್ತು. ಇನ್ನಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತಳು. ನಾನು ಪಾಠ ನಿಲ್ಲಿಸಿದೆ.

ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಮೂವರೂ ಕೂತೆವು. ನಾನು ಎದ್ದು ಹೋಗಬೇಕಿತ್ತು, ಅವನು ನನ್ನ ಕೈ ಬಿಡಲಿಲ್ಲ. ಗಡಿಯಲ್ಲಿ ನಿಂತು ಬಂದವನಿಗೆ ಹೆಂಡತಿಯ ಮುಂದೆ ಒಬ್ಬನೇ ಕೂರುವ ಧೈರ್ಯವಿರಲಿಲ್ಲ. ರಜೆ ಒಂದಲ್ಲ, ಎರಡು ತಿಂಗಳು ಎಂದು ಒಪ್ಪಿಕೊಂಡ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ನೆಲ ನೋಡುತ್ತಾ, "ಮಿಲಿಟ್ರಿಯೋರು ಹತ್ತು ತಿಂಗ್ಳು ಇಟ್ಕಂತಾರೆ. ಉಳಿಯೋದು ಎರಡು. ಅದ್ರಾಗೂ ಒಂದನ್ನ ಬೆಂಚಿಗೆ ಕೊಟ್ಟು ಬರ್ತೀರೇನು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಬ್ಬಳು ಯಾವಳಾದ್ರೂ ಇದ್ದಿದ್ರೆ ಜಡೆ ಹಿಡಿದು ಎಳೆದಾಡ್ತಿದ್ದೆ ಮೇಷ್ಟ್ರೆ. ಈ ಕಾಲೇಜಿನ ಜಡೆ ಎಲ್ಲಿ ಹಿಡೀಲಿ?"

ಆಗ ಅವನು ಬಾಯಿಬಿಟ್ಟ. ಅವತ್ತಿನವರೆಗೆ ನನಗೂ ಹೇಳಿರಲಿಲ್ಲ. ಡಿಗ್ರಿಯಾದರೆ ಪಲ್ಟನ್ನಿನ ಸಿಪಾಯಿಗಳಿಗೆ ಪಾಠ ಹೇಳುವ ಕೆಲಸಕ್ಕೆ ಹೋಗಬಹುದು. ಆ ಕೆಲಸದವರನ್ನು ಸಾಮಾನ್ಯವಾಗಿ ಊರು ಕೇರಿ ಇರುವ ಕಡೆ ಇಡುತ್ತಾರೆ, ಹೆಂಡತಿಯನ್ನು ಕರೆದುಕೊಂಡು ಹೋಗಲು ಕ್ವಾರ್ಟರ್ಸ್ ಸಿಗುತ್ತದೆ. ಆಮೇಲೆ ರಜೆ ಎಣಿಸುವ ಗೋಳೇ ಇಲ್ಲ. ಅವಳ ಒಂದು ತಿಂಗಳು ಕದ್ದು, ಹನ್ನೆರಡು ತಿಂಗಳು ತಂದುಕೊಡಲು ಹೊರಟಿದ್ದ ಮಹರಾಯ. ಇದನ್ನ ಮುಂಚೇನೇ ಹೇಳಿದ್ರೆ ಏನಾಗ್ತಿತ್ತು ಎಂದು ಅವಳು ಕೇಳಿದಳು. ರೊಪ್ಪಕ್ಕೆ ಬಂದಿರಲಿಲ್ಲ ಎಂದ. ಬೇರೆ ಯಾವ ಹೆಂಡತಿಯಾದರೂ ಈ ಉತ್ತರಕ್ಕೆ ಸಿಡಿಯುತ್ತಿದ್ದಳು. ಅವಳು ಅದೇ ಹಟ್ಟಿಯವಳು. ತಲೆಯಾಡಿಸಿದಳು.

ಅವತ್ತು ಸಂಜೆ ನನ್ನನ್ನೂ ಮದಕರಿಪುರದ ಮಂದೆಗೆ ಊಟಕ್ಕೆ ಕರೆದುಕೊಂಡು ಹೋದರು. ಹೊಲದಲ್ಲಿ ಅವನು ಇಸ್ತ್ರಿ ಪ್ಯಾಂಟನ್ನು ಮಂಡಿಗೆ ಮಡಿಚಿ, ಕಂಬಳಿ ಹೊದ್ದು, ಬಾಯಲ್ಲಿ ಅದೇನೋ ಸದ್ದು ಮಾಡಿದ. ಚದುರಿದ ಮಂದೆಯೆಲ್ಲ ಅವನ ಕಡೆ ತಿರುಗಿತು. ನಾನು ಅವನನ್ನು ಅಷ್ಟು ಸುಖವಾಗಿ ಕಂಡದ್ದು ಅದೊಂದೇ ಸಂಜೆ. ಕ್ವಾರ್ಟರ್ಸಿನಲ್ಲಿ ಎರಡು ಕುರಿ ಇಟ್ಟುಕೊಳ್ಳಬಹುದಾ ಎಂದು ಅವಳು ಕೇಳಿದಳು. ಮಾತು ಮುಂದೆ ಓಡಿಸದವನು, ಸಂತೋಷದಲ್ಲಿ ಮೈಮರೆತು, ಇಟ್ಕಬೋದು, ನಾಲ್ಕು ಬೇಕಾದ್ರೂ ಇಟ್ಕಬೋದು ಎಂದುಬಿಟ್ಟ. ಅವನ ಅಪ್ಪ ಆ ಕಡೆ ಮುಖ ತಿರುಗಿಸಿಕೊಂಡು ಕೆಮ್ಮಿದ್ದು ನನಗೆ ನೆನಪಿದೆ.

ಕೊನೆಯ ವರ್ಷ ಅವನು ಲೆಕ್ಕ ಬದಲಾಯಿಸಿದ. ಹೆಂಡತಿಯ ತಿಂಗಳು ಮೊದಲು, ಕಾಲೇಜಿನದು ಆಮೇಲೆ. ಎರಡು ವರ್ಷ ಅವಳಿಗೆ ಉಳಿಕೆ ಪಳಿಕೆ ಕೊಟ್ಟಿದ್ದೇನೆ, ಈ ಸಲ ಮೊದಲ ತುತ್ತು ಅವಳದು ಎಂದು ಅವನ ನ್ಯಾಯ. ಹಟ್ಟಿಯಲ್ಲಿ ಒಂದು ತಿಂಗಳು ಇದ್ದ. ಹೊರಡುವ ಮಾತನ್ನು ತಾನಾಗಿ ಎತ್ತಲೇ ಇಲ್ಲವಂತೆ. ಒಂದು ಬೆಳಿಗ್ಗೆ ಅವಳೇ ರೊಟ್ಟಿಯ ಬುತ್ತಿ ಕಟ್ಟಿ, ಹೊತ್ತಾತು ಏಳ್ರಿ ಎಂದು, ತಾನೂ ಜೊತೆಗೆ ಹೊರಟು ಬಂದಳು. ಪರೀಕ್ಷೆ ಮುಗಿಯುವ ತನಕ ಅಡಿಗೆ ಮಾಡಿ ಹಾಕುತ್ತೇನೆ ಎಂದು ನನ್ನ ರೂಮಿನ ಒಲೆ ಹಿಡಿದಳು. ನಾನು ಎದುರು ಮನೆಯ ಜಗಲಿಗೆ ಹಾಸಿಗೆ ಹಾಕಿಕೊಂಡೆ. ಪರೀಕ್ಷೆ ಮುಗಿದ ಮಾರನೆಯ ದಿನ ಅವನ ರೈಲು. ಎಲ್ಲ ಗೆರೆ ಎಳೆದಂತೆ ಇತ್ತು.

ಆಗ ಹುಡುಗರು ಸ್ಟ್ರೈಕು ಮಾಡಿದರು. ಪಾಠ ಮುಗಿದಿಲ್ಲ, ಪರೀಕ್ಷೆ ಮುಂದೆ ಹಾಕಿ ಎಂದು ಎಲ್ಲ ಊರಿನ ಕಾಲೇಜುಗಳಲ್ಲೂ ಗಲಾಟೆ ಎದ್ದಿತ್ತು. ನಮ್ಮಲ್ಲೂ ಒಂದು ಮೇಷ್ಟ್ರ ಜಾಗ ವರ್ಷವಿಡೀ ಖಾಲಿ ಬಿದ್ದಿತ್ತು, ಹುಡುಗರ ಕೂಗಿನಲ್ಲಿ ನ್ಯಾಯವಿರಲಿಲ್ಲ ಅನ್ನುವಂತಿಲ್ಲ. ಕೊನೆಗೆ ಪರೀಕ್ಷೆಗಳು ಮುಂದಕ್ಕೆ ಹೋದವು. ಹುಡುಗರು ಗೇಟಿನ ಮುಂದೆ ಕುಣಿದರು, ಪೇಡಾ ಹಂಚಿದರು. ಮಿಲಿಟ್ರಿ ಅಣ್ಣನ ಕೈಗೂ ಒಂದು ಪೇಡಾ ಇಟ್ಟರು. ಅವನು ಅದನ್ನು ಹಿಡಿದುಕೊಂಡೇ ನನ್ನ ಹತ್ತಿರ ಬಂದು, ಗೇಟಿನ ಹೊರಗಿದ್ದರೂ ಲೇ ಅನ್ನುವುದನ್ನು ಮರೆತು, "ಸಾರ್, ನನ್ನ ರಜೆ ಮುಂದಕ್ಕೆ ಹೋಗಾದಿಲ್ವಲ್ಲ ಸಾರ್" ಎಂದ.

ಸಂಜೆಯ ಹೊತ್ತಿಗೆ ಹುಡುಗರಿಗೆ ವಿಷಯ ತಿಳಿಯಿತು. ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದವನೇ ಮುಂದಾಗಿ ನಾಲ್ಕಾರು ಜನ ನನ್ನ ರೂಮಿನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು. ಒಬ್ಬನಿಗಾಗಿ ಪರೀಕ್ಷೆ ಹಿಂದಕ್ಕೆ ಬರುವುದಿಲ್ಲ. ರಜೆ ಬೆಳೆಸಬೇಕೆಂದರೆ ಇದ್ದದ್ದು ಒಂದೇ ದಾರಿ, ಅದನ್ನು ಹೇಳಿದವನೂ ಆ ಹುಡುಗನೇ. ತಾಯಿಗೆ ಸೀರಿಯಸ್ ಎಂದು ಪಲ್ಟನ್ನಿಗೆ ಒಂದು ತಂತಿ ಹೊಡೆಸುವುದು. ಎಲ್ಲ ಸಿಪಾಯಿಗಳೂ ಒಂದಲ್ಲ ಒಂದು ಸಲ ಮಾಡುವ ಕೆಲಸ, ಮೇಲಿನವರೂ ಕಂಡೂ ಕಾಣದಂತಿರುತ್ತಾರೆ. ನಾನೂ ಹೂಂ ಎಂದೆ. ಅವನು ಹುಡುಗರ ಮುಖ ಒಬ್ಬೊಬ್ಬರದಾಗಿ ನೋಡಿದ.

"ನಮ್ಮವ್ವ ಚೆನ್ನಾಗವ್ಳೆ ಕಣ್ರಪ್ಪ" ಎಂದ.

ನನಗೆ ಸಿಟ್ಟು ಬಂತು. ಬಿ.ಎ. ಪಾಸು ಮಾಡಲು ಹೊರಟವನು ಹಟ್ಟಿಯ ಮೂಢನಂಬಿಕೆ ಹಿಡಿದುಕೊಂಡು ಕೂತಿದ್ದೀಯಲ್ಲ, ಮಾತು ಆಡಿದರೆ ಜ್ವರ ಬರುತ್ತದೇನೋ ಎಂದು ಬೈದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, ಅಲ್ಲಿ ತಂತಿ ಬಂದರೆ ಒಡೆಯುವ ಮುಂಚೆ ಕೈ ಹೇಗೆ ನಡುಗುತ್ತದೆ ಎಂದು ನಿನಗೆ ಗೊತ್ತಿಲ್ಲ, ಇವತ್ತು ಸುಳ್ಳು ಕಳಿಸಿದರೆ ನಾಳೆ ಬರುವುದು ನಿಜವೋ ಸುಳ್ಳೋ ಎಂದು ಯಾರನ್ನು ಕೇಳಲಿ ಎಂದ.

ಒಲೆಯ ಮುಂದೆ ಕೂತಿದ್ದ ಅವಳು ಎದ್ದು ಬಂದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೇ ಇತ್ತು.

"ನಂಗೆ ಸೀರಿಯಸ್ಸು ಅಂತ ಹೊಡೆಸ್ರಿ. ನಾನು ಗಟ್ಟಿಯಾಗಿದೀನಿ, ನಂಗೇನೂ ತಟ್ಟಲ್ಲ. ನನ್ನ ತಿಂಗ್ಳು ಮೊದ್ಲು ತಗಂಡಿದ್ಕೆ ತಾನೆ ಹಿಂಗಾಗಿದ್ದು."

ಕಾಲೇಜಿನ ಜಡೆ ಎಲ್ಲಿ ಹಿಡಿಯಲಿ ಎಂದು ಕೇಳಿದ್ದ ಹೆಣ್ಣು ಅವಳೇ. ಈಗ ಅದೇ ಕಾಲೇಜಿಗೆ ತನ್ನ ಜೀವವನ್ನೇ ಎತ್ತಿ ಕೊಡಲು ನಿಂತಿದ್ದಳು. ಆ ನಂಬಿಕೆ ಅವಳಿಗೂ ಇತ್ತು ಎನ್ನುವುದನ್ನು ಮರೆಯಬೇಡಿ. ಏನೂ ತಟ್ಟುವುದಿಲ್ಲ ಎಂದು ಅವಳು ಹೇಳಿದ್ದು ಅವನಿಗಾಗಿ. ಅವನಿಗೆ ಅದು ಗೊತ್ತಿತ್ತು. "ಡಿಗ್ರಿ ಹೋದ್ರೆ ಹೋಗ್ಲಿ. ಆ ಮಾತು ಬ್ಯಾಡ" ಎಂದು ಹೇಳಿ ಹೋಲ್ಡಾಲು ಬಿಚ್ಚಿ ಬಟ್ಟೆ ಜೋಡಿಸತೊಡಗಿದ. ಹುಡುಗರು ಒಬ್ಬೊಬ್ಬರಾಗಿ ಇಳಿದು ಹೋದರು.

ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರು ಜಂಕ್ಷನ್ನಿನವರೆಗೆ ಅವನನ್ನು ಕಳಿಸಲು ನಾನೂ ಅವಳೂ ಹೋದೆವು. ಪ್ಲಾಟ್‌ಫಾರಂ ಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು, ಅವತ್ತು ಹೊಲದಲ್ಲಿ ಬಾಯಿಬಿಟ್ಟೆನಲ್ಲ, ಅದಕ್ಕೇ ಹೀಗಾಯಿತು ಎಂದ. ಇನ್ನೊಂದು ಸಲ ಆ ತಪ್ಪು ಮಾಡುವುದಿಲ್ಲ ಎಂದೂ ಹೇಳಿದ. ಸ್ಟ್ರೈಕು ಮಾಡಿದ ಹುಡುಗರ ಮೇಲೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ರೈಲು ಕಣ್ಣಿಗೆ ಮರೆಯಾಯಿತು. ಆಮೇಲೆ ಅವಳು, ಪರೀಕ್ಷೆ ಯಾವತ್ತು ಮೇಷ್ಟ್ರೆ ಎಂದು ಕೇಳಿದಳು. ನಾನು ದಿನ ಹೇಳಿದೆ, ಯಾಕೆ ಎಂದು ಕೇಳಲು ಹೋಗಲಿಲ್ಲ.

ಪರೀಕ್ಷೆಯ ದಿನ ನಾನು ಕೊಠಡಿಯ ಕಿಟಕಿಯಿಂದ ನೋಡಿದರೆ ಅವಳು ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದಳು. ಜವನಗೊಂಡನಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಾಳೆ. ಕೊನೆಯ ಗಂಟೆ ಹೊಡೆಯುವವರೆಗೂ ಕೂತಿದ್ದು, ಹುಡುಗರೆಲ್ಲ ಹೊರಗೆ ಬಂದ ಮೇಲೆ ಕಂಬಳಿ ಕೊಡವಿ ಎದ್ದಳು. ಯಾಕಮ್ಮ ಬಂದೆ ಎಂದರೆ, "ಅವ್ರು ಬರಾಕಾಗ್ಲಿಲ್ಲ. ಯಾರಾದ್ರೂ ಒಬ್ರು ಬರ್ಬೇಕಲ್ಲ" ಎಂದಳು. ನಾನು ಅತ್ತಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮುಂದಿನ ವರ್ಷ ಅವನನ್ನು ಹಿಮದ ಗಡಿಗೆ ಹಾಕಿದರು, ಪರೀಕ್ಷೆಯ ಹಂಗಾಮಿನಲ್ಲಿ ರಜೆ ಸಿಗಲಿಲ್ಲ. ಅದರ ಮುಂದಿನ ವರ್ಷವೂ ಸಿಗಲಿಲ್ಲ. ಅಷ್ಟರಲ್ಲಿ ಪಠ್ಯ ಬದಲಾಯಿತು, ಮೊದಲಿನಿಂದ ಎಲ್ಲ ಬರೆಯಬೇಕೆಂದರು. ಅವನು ಬಿಟ್ಟುಬಿಟ್ಟ. ಕ್ವಾರ್ಟರ್ಸ್ ಬರಲಿಲ್ಲ. ವರ್ಷಕ್ಕೆರಡು ತಿಂಗಳ ಸಂಸಾರದಲ್ಲೇ ಮಕ್ಕಳಾದವು, ಬೆಳೆದವು. ಮೈಸೂರು ರಾಜ್ಯ ಕರ್ನಾಟಕವಾಯಿತು, ನನ್ನನ್ನು ಹೊಸದುರ್ಗಕ್ಕೆ ವರ್ಗ ಮಾಡಿ ಮತ್ತೆ ದುರ್ಗಕ್ಕೆ ತಂದರು. ಅವನು ಪಿಂಚಣಿ ಪಡೆದು ಬಂದು ಹಿರಿಯೂರಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ.

ಈಗಲಾದರೂ ಪರೀಕ್ಷೆ ಕಟ್ಟು, ಮನೆಯಲ್ಲೇ ಓದಿ ಬರೆಯಬಹುದು ಎಂದು ನಾನು ಹಟ ಹಿಡಿದೆ. 'ಈಗ ಯಾಕಲೇ, ದಿನಾ ಮನೇಗೇ ಹೋಗ್ತೀನಲ್ಲ' ಎಂದ. ಆದರೆ ಅವನ ಬೆಂಚಿನ ಹುಚ್ಚು ಹೋಗಿರಲಿಲ್ಲ. ವಾರದ ರಜೆಯ ದಿನ ಆಗೊಮ್ಮೆ ಈಗೊಮ್ಮೆ ದುರ್ಗದ ಬಸ್ಸು ಹತ್ತಿ ಬಂದು ನನ್ನ ಕ್ಲಾಸಿನ ಹಿಂದೆ ಕೂರುವನು. ಹೊಸ ಹುಡುಗರು ಅವನನ್ನು ಇಲಾಖೆಯಿಂದ ಬಂದ ಸಾಹೇಬರೆಂದು ತಿಳಿದು ಗಪ್‌ಚಿಪ್ಪಾಗಿ ಕೂರುತ್ತಿದ್ದರು. ನನಗೂ ಲಾಭವಾಯಿತು. ಹೆಂಡತಿಗೆ ಹೇಳಿ ಬಂದಿದ್ದೀಯಾ ಎಂದು ನಾನು ರೇಗಿಸಿದರೆ, ಇಸ್ತ್ರಿ ಅಂಗಿ ನೋಡಿದರೆ ಅವಳಿಗೆ ಗೊತ್ತಾಗುತ್ತದೆ ಅನ್ನುತ್ತಿದ್ದ. ನಾನು ನಿವೃತ್ತನಾದ ದಿನದ ಕೊನೆಯ ಕ್ಲಾಸಿಗೂ ಬಂದಿದ್ದ. ಎಲ್ಲರೂ ಹಾರ ಹಾಕಿ ಹೋದ ಮೇಲೆ ಗೇಟಿನ ಹೊರಗೆ ಬಂದು ನಿಂತು, "ಇನ್ನು ಯಾರ ಕ್ಲಾಸಿಗೆ ಹೋಗ್ಲಲೇ?" ಎಂದ. ಅವತ್ತು ನನಗೆ ಭಾಷಣಗಳೆಲ್ಲ ಮರೆತುಹೋಗಿ ಅದೊಂದು ಮಾತು ಉಳಿಯಿತು.

ಸುದ್ದಿ ಬಂದ ಮೂರನೆಯ ದಿನ ಹಟ್ಟಿಗೆ ಹೋದೆ. ಅವಳು ಬಾಗಿಲಿಗೆ ಬಂದು, ಕುಂತ್ಕಳ್ರಿ ಮೇಷ್ಟ್ರೆ ಎಂದು ಜಗಲಿಯ ಮೇಲೆ ಕಂಬಳಿ ಹಾಸಿದಳು. ಕೊನೆಯ ದಿನಗಳಲ್ಲಿ ಅವನಿಗೆ ಕಾಲದ ಗುರುತು ತಪ್ಪಿಹೋಗಿತ್ತಂತೆ. ಒಮ್ಮೊಮ್ಮೆ ಗಡಿಯಲ್ಲಿರುತ್ತಿದ್ದ, ಒಮ್ಮೊಮ್ಮೆ ಹೊಲದಲ್ಲಿ. ಮಗ ಸೊಸೆಯ ಗುರುತೂ ಸಿಗುತ್ತಿರಲಿಲ್ಲ, ಅವಳೊಬ್ಬಳು ಗೊತ್ತಾಗುತ್ತಿದ್ದಳು. ಇದನ್ನೆಲ್ಲ ಅವಳು ಬೇರೆ ಯಾರದೋ ಸಂಗತಿ ಹೇಳುವಂತೆ ನಿಧಾನವಾಗಿ ಹೇಳಿದಳು. ಹೋದ ದಿನ ಏನಾಯಿತು ಎಂದು ನಾನು ಕೇಳಿದೆ.

"ಎಲ್ಲಿಗೆ ಹೋಗೋದಾದ್ರೂ ಮುಂಚೆ ಬಾಯಿ ಬಿಟ್ಟೋರಲ್ಲ, ನಿಮಗೇ ಗೊತ್ತಲ್ಲ. ಅವತ್ತು ಬೆಳಿಗ್ಗೆ ಅಂಗಿ ಕೊಡು ಅಂದ್ರು. ಯಾಕೆ ಅಂದೆ. ಕಾಲೇಜಿಗೆ ಹೋಗ್ತೀನಿ ಅಂದ್ರು. ಇಷ್ಟು ವರ್ಸದಾಗೆ ತಾವಾಗಿ ನಂಗೆ ಹೇಳಿ ಹೊಂಟಿದ್ದು ಅದೊಂದೇ ಸಲ ಮೇಷ್ಟ್ರೆ."

ನೀನೇನಂದೆಯಮ್ಮ ಎಂದೆ.

"ಅಂಗಿ ತೊಡಿಸ್ದೆ. ಹೋಗಿ ಬರ್ರಿ ಅಂದೆ."